ಶಶಿಕಲಾ ಕೇಳಿದ ಆಧಾರ

ಗೆಳೆಯರೇ, ಇಂದು ಹೊನ್ನಾಳಿಯ ತರಗತಿಯಲ್ಲಿ ಶಶಿಕಲಾ ಒಂದು ಸಾಲಿನ ಪಕ್ಕ ‘ಆಧಾರ ಬೇಕು’ ಎಂದು ಗುರುತು ಹಾಕಿದರು. ಆಟಿಸಂ ಇರುವ ವಯಸ್ಕರಿಗೆ ಅಂತರ್ಜಾಲದ ವಿಶ್ವಕೋಶದಲ್ಲಿ ಬರೆಯುವುದನ್ನು, ತಿದ್ದುವುದನ್ನು ನಾನು ಅಲ್ಲಿ ಕಲಿಸುತ್ತೇನೆ. ಶಶಿಕಲಾಗೆ ಮೂವತ್ತನಾಲ್ಕು, ಸವಳಂಗದಿಂದ ತಾಯಿಯ ಜೊತೆ ಬರುತ್ತಾರೆ. ಅವರು ಗುರುತು ಹಾಕಿದ್ದು ಆಟಿಸಂ ಕುರಿತ ಲೇಖನದ ಸಾಲಿಗೆ: ‘ಇವರಿಗೆ ಪರರ ದುಃಖ ತಿಳಿಯುವುದಿಲ್ಲ.’ ಆಮೇಲೆ ಪುಟದ ಇತಿಹಾಸ ತೆರೆದು, ಅದನ್ನು ಸೇರಿಸಿದವರ ಹೆಸರು ತೋರಿಸಿದರು. ಹನ್ನೊಂದು ವರ್ಷದ ಹಿಂದೆ ಸೇರಿಸಿದವನು ನಾನೇ.

“ಬಿಡವ್ವ, ಸರ್ ತಿಳ್ಕೊಂಡೇ ಬರ್ದಿರ್ತಾರೆ,” ಎಂದರು ತಾಯಿ.

“ಸರ್ ಬರೆದ್ರೂ ಅದು ನನ್ನ ಬಗ್ಗೆ ಐತೆ,” ಎಂದರು ಶಶಿಕಲಾ. “ಆಧಾರ ಎಲ್ಲೈತ್ರಿ ಸರ್?”

ಎಲ್ಲೂ ಇರಲಿಲ್ಲ. ಅದನ್ನು ಬರೆಯುವಾಗ ನಾನು ಆಟಿಸಂ ಇರುವ ಒಬ್ಬರನ್ನೂ ಕಂಡಿರಲಿಲ್ಲ. ಈಗಲೇ ಅಳಿಸಿಬಿಡುತ್ತೇನೆ ಎಂದೆ.

“ಬ್ಯಾಡ್ರಿ. ಬರೆದೋರಿಗೆ ಆಧಾರ ಹುಡುಕಾಕೆ ಒಂದು ವಾರ ಕೊಡ್ಬೇಕು ಅಂತ ನೀವೇ ಹೇಳೀರಿ. ಹುಡುಕ್ರಿ.”

ಹಾಗಾಗಿ ಆ ಸಾಲು ಇನ್ನೊಂದು ವಾರ ಅಲ್ಲೇ ಇರುತ್ತದೆ. ಕಣ್ಣಿಗೆ ಬಿದ್ದರೆ ದಯವಿಟ್ಟು ನಂಬಬೇಡಿ.