ಮೈಕ್ ಆಟೋದವನು ತಂಗಿಗೆ ಹೇಳದ ಸುದ್ದಿ

ಬಾಯಿ ತೆರೆಯದೆ ಊರು ಕರೆಯುವ ಕೆಲಸ ಕಲಿಯಲು ನನ್ನ ತಂಗಿ ಹೊರಟಾಗ ನನಗೆ ನಗು ಬಂದಿತ್ತು. ಊರು ಕರೆಯುವುದು ನನ್ನ ಕೆಲಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆಟೋದ ಮೇಲೆ ಹಾರ್ನ್ ಕಟ್ಟಿಕೊಂಡು, ಕೈಯಲ್ಲಿ ಮೈಕ್ ಹಿಡಿದು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಬೀದಿಗಳಲ್ಲಿ ಸೀರೆ ಅಂಗಡಿಯ ಡಿಸ್ಕೌಂಟು, ಹೊಸ ಹೋಟೆಲು, ಕಣ್ಣಿನ ಉಚಿತ ತಪಾಸಣೆ ಎಲ್ಲವನ್ನೂ ಕೂಗಿದ್ದೇನೆ. ಕೋಲಾರದಲ್ಲಿ ಕನ್ನಡ, ಮುಳಬಾಗಿಲು ಹತ್ತಿರವಾದಂತೆ ಅದೇ ಮಾತು ತೆಲುಗಿಗೆ ಹೊರಳುತ್ತದೆ. ಬೇರೆ ಆಟೋದವರು ಈಗ ಪೆನ್‌ಡ್ರೈವ್‌ನಲ್ಲಿ ರೆಕಾರ್ಡ್ ಹಾಕಿಕೊಂಡು ಸುಮ್ಮನೆ ಓಡಿಸುತ್ತಾರೆ. ನಾನು ಇವತ್ತಿಗೂ ಬಾಯಲ್ಲೇ ಹೇಳುತ್ತೇನೆ.

ಯಾರ ಮನೆಯಲ್ಲಾದರೂ ಸಾವಾದರೆ ಅದನ್ನು ಊರಿಗೆ ತಿಳಿಸಲೂ ನನ್ನನ್ನೇ ಕರೆಯುತ್ತಾರೆ. ಸಾವಿನ ಸುದ್ದಿಗೆ ಹಾಡು ಹಾಕುವಂತಿಲ್ಲ. ಆಟೋ ಮನುಷ್ಯ ನಡೆದಷ್ಟೇ ನಿಧಾನ ಹೋಗಬೇಕು. ಮೊದಲು ಅಂಗಡಿಯ ಹೆಸರನ್ನೋ ಮನೆತನದ ಹೆಸರನ್ನೋ ಹೇಳಿ ಸ್ವಲ್ಪ ನಿಲ್ಲಿಸಬೇಕು. ಯಾರಿರಬಹುದೆಂದು ಜನ ಬಾಗಿಲಿಗೆ ಬಂದ ಮೇಲೆ ಉಳಿದದ್ದು. ಇದನ್ನು ನನಗೆ ಯಾರೂ ಕಲಿಸಿದ್ದಲ್ಲ.

ತಂಗಿಗೆ ಮಾತ್ರ ಕಲಿಸುವವರು ಸಿಕ್ಕಿದರು. ಪಿಯುಸಿ ಮುಗಿಸಿ ಮನೆಯಲ್ಲಿದ್ದವಳು ಕೋಲಾರದ ಒಂದು ತರಬೇತಿಗೆ ಸೇರಿದಳು. ಅಂಗಡಿಗಳವರ ಪರವಾಗಿ ಮೊಬೈಲಿನಲ್ಲಿ ಪೇಜ್ ನಡೆಸುವುದು, ರೀಲ್ಸ್ ಮಾಡುವುದು, ಗಿರಾಕಿಗಳು ಕೇಳಿದ್ದಕ್ಕೆ ಉತ್ತರ ಕೊಡುವುದು, ಇದೇ ಪಾಠ. ಸಂಜೆ ಬಂದು ಅವ್ವನ ಜೊತೆ ಅವರೆಕಾಯಿ ಸುಲಿಯುತ್ತಾ ಎಲ್ಲವನ್ನೂ ಒಪ್ಪಿಸುತ್ತಿದ್ದಳು.

“ಒಂದು ಆ್ಯಪ್ ಐತೆ ಕಣವ್ವ. ಕ್ಯಾಲೆಂಡರ್ ಇದ್ದಂಗೆ. ತಿಂಗಳಿಗಾಗೋಷ್ಟು ಫೋಟೋ, ವಿಡಿಯೋ ಒಂದೇ ದಿನ ತುಂಬಿಸಿ ಟೈಮ್ ಹಾಕ್ಬಿಟ್ರೆ, ಅದರ ಟೈಮಿಗೆ ಅದೇ ಹೋಗುತ್ತೆ. ಒಲೆ ಮೇಲೆ ಅನ್ನಕ್ಕಿಟ್ಟಂಗೆ.”

“ಅನ್ನ ಸೀದೋದ್ರೆ?” ಎಂದಳು ಅವ್ವ.

“ಅದಕ್ಕೇ ನೋಡ್ಕೊಂತಾ ಇರ್ಬೇಕು. ಊರಲ್ಲಿ ಸಾವೋ ನೋವೋ ಆದ್ರೆ ಮೊದಲು ಎಲ್ಲಾನೂ ನಿಲ್ಸಬೇಕು ಅಂತ ಮೇಡಂ ಹೇಳವ್ರೆ.” ಆಮೇಲೆ ನನ್ನ ಕಡೆ ತಿರುಗಿ, “ಅಣ್ಣಾ, ಸಾವಿನ ಸುದ್ದಿ ಊರಿಗಿಂತ ಮುಂಚೆ ಬರೋದು ನಿಂಗೆ. ನನ್ ಅಂಗಡಿಯೋರ ಮನೇಲಿ ಏನಾದ್ರೂ ಆದ್ರೆ ನಂಗೊಂದು ಫೋನ್ ಮಾಡ್ತೀಯಾ?” ಎಂದಳು.

“ಮಾಡ್ತೀನಿ, ಅದಕ್ಕೇನಂತೆ” ಎಂದೆ. ಒಂದೆರಡು ಸಲ ಮಾಡಿಯೂ ಇದ್ದೆ.

ನನ್ನ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ಬೇರೆ ಒಂದು ದಿನ. ತಾನು ನಡೆಸುವ ಮಾಲೂರಿನ ಟೈಲ್ಸ್ ಅಂಗಡಿಯ ಪೇಜ್ ತೆರೆದು ನನಗೆ ತೋರಿಸಿದಳು. ಎಷ್ಟು ಜನ ನೋಡಿದರು, ಯಾವ ಊರಿನವರು, ಹೆಂಗಸರೆಷ್ಟು ಗಂಡಸರೆಷ್ಟು, ವಿಡಿಯೋ ಎಲ್ಲಿಗೆ ಬಂದಾಗ ಬೇಸರವಾಗಿ ಬಿಟ್ಟು ಹೋದರು, ಎಲ್ಲ ಅದರಲ್ಲಿತ್ತು. ನಾನು ಇಷ್ಟು ವರ್ಷ ಗಂಟಲು ಹರಿದುಕೊಂಡದ್ದನ್ನು ಯಾರು ಕೇಳಿದರು, ಯಾರು ಕಿಟಕಿ ಮುಚ್ಚಿಕೊಂಡರು ಎಂಬುದು ನನಗೆ ಗೊತ್ತೇ ಇಲ್ಲ. ಅವಳಿಗೆ ಎರಡೇ ತಿಂಗಳಲ್ಲಿ ಗೊತ್ತಾಗಿಬಿಟ್ಟಿತ್ತು. “ಚೆನ್ನಾಗೈತೆ” ಎಂದು ಫೋನ್ ವಾಪಸ್ ಕೊಟ್ಟೆ. ಅವತ್ತು ರಾಗಿಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಕೋಲಾರದ ಬೇಕರಿ, ಶ್ರೀನಿವಾಸಪುರದ ಮಾವಿನ ಮಂಡಿ, ಒಂದೊಂದೇ ಅವಳ ಕೈಗೆ ಬಂದವು. ಅವುಗಳಿಂದ ನನಗೆ ನಷ್ಟವೇನೂ ಇರಲಿಲ್ಲ. ಆದರೆ ಮುಳಬಾಗಿಲಿನ ಸೀರೆ ಅಂಗಡಿ ನನ್ನದಾಗಿತ್ತು. ಅಲ್ಲಿಯ ಯಜಮಾನರ ಪ್ರತಿ ಡಿಸ್ಕೌಂಟನ್ನೂ ನಾನೇ ಕೂಗಿದ್ದೆ. ಅವರ ಮಗ ವ್ಯಾಪಾರಕ್ಕೆ ಕೂತ ಮೇಲೆ, “ಈ ಸಲ ಮೈಕ್ ಬೇಡ ಬಿಡೋ. ನಿನ್ ತಂಗೀನ ಕಳ್ಸು” ಎಂದ.

ಆಷಾಢದ ಡಿಸ್ಕೌಂಟಿಗೆ ರೀಲ್ಸ್ ಮಾಡಲು ಅವಳನ್ನು ನನ್ನ ಆಟೋದಲ್ಲೇ ಕರೆದುಕೊಂಡು ಹೋಗಿದ್ದೆ. ಟ್ರೈಪಾಡು, ದುಂಡನೆಯ ಲೈಟು ಎಲ್ಲ ನಾನೇ ಇಳಿಸಿಕೊಟ್ಟೆ. ಯಜಮಾನರು ಗಾದಿಯಿಂದಲೇ ತೆಲುಗಿನಲ್ಲಿ “ರಾಮ್ಮಾ, ಕೂರ್ಚೋ” ಎಂದು ಅವಳಿಗೆ ಪಕ್ಕದಲ್ಲೇ ಜಾಗ ತೋರಿಸಿ ಬಾದಾಮಿ ಹಾಲು ತರಿಸಿದರು. ನಾನು ಆ ಗಾದಿಯ ಅಂಚಿಗೂ ಒಂದು ದಿನ ಕೂತವನಲ್ಲ. ಅವರು ನನ್ನನ್ನು ನೋಡಿ ನಕ್ಕರು.

“ಏಮ್ರಾ ಮೈಕೂ, ನಿನ್ ತಂಗಿ ಸದ್ದೇ ಇಲ್ದೆ ಊರೆಲ್ಲಾ ಕರೀತಾಳಂತೆ. ನೀನು ಕೂಗಿ ಕೂಗಿ ನಮ್ ಕಿವಿ ತೂತು ಮಾಡಿದ್ದೇ ಬಂತು!”

ಅಂಗಡಿಯ ಹುಡುಗಿಯರೆಲ್ಲ ನಕ್ಕರು. ತಂಗಿ ನಗಲಿಲ್ಲ. “ನಮ್ಮಣ್ಣನ ದನೀನೇ ಈ ರೀಲ್ಸಿಗೆ ಹಾಕ್ಬೇಕು ಅಂತಿದ್ದೆ, ಅವನೇ ಒಪ್ತಿಲ್ಲ” ಎಂದಳು. ಅದೂ ನಿಜವೇ. ಅವಳು ಕೇಳಿದ್ದಳು; ಅವಳ ಕೈಕೆಳಗೆ ಕೂಗಲಾರೆನೆಂದು ನಾನೇ ಬೇಡವೆಂದಿದ್ದೆ. ಕೊನೆಗೆ ಯಜಮಾನರೇ ಕ್ಯಾಮೆರಾ ನೋಡಿ ಮಾತಾಡಿದರು: “ನಾನು ಇಲ್ಲೇ ಗಾದಿ ಮೇಲೆ ಕೂತಿರ್ತೀನಿ. ಎಲ್ಲಾರೂ ಬನ್ರಮ್ಮಾ!” ಚೆನ್ನಾಗಿ ಬಂದಿತ್ತು. ಹತ್ತು ಸಲ ತಿದ್ದಿ ಹೇಳಿಸುವ ತಾಳ್ಮೆ ಅವಳಿಗೆ ಎಲ್ಲಿಂದ ಬಂತೋ.

ಆ ರೀಲ್ಸನ್ನು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಹೋಗುವಂತೆ ಆ್ಯಪಿಗೆ ಹಾಕಿದ್ದಳು. ನನಗೂ ಹೇಳಿದ್ದಳು.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಯಜಮಾನರ ಮಗ ನನಗೆ ಫೋನ್ ಮಾಡಿದ. “ಅಪ್ಪ ಹೋಗ್ಬಿಟ್ರು ಕಣೋ. ಮಲಗಿದೋರು ಏಳ್ಲೇ ಇಲ್ಲ. ಬೇಗ ಬಾ, ಊರಿಗೆಲ್ಲಾ ಹೇಳ್ಬೇಕು.”

ಹಾರ್ನ್ ಕಟ್ಟಿಕೊಂಡು ಹೊರಟೆ. ದುಃಖವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದರ ಜೊತೆಯಲ್ಲೇ, ಸಾವು ಬಂದಾಗ ನನ್ನನ್ನೇ ಕರೆದರಲ್ಲ, ಅವಳನ್ನಲ್ಲ ಎಂಬ ಹೆಮ್ಮೆಯೂ ಇತ್ತು. ತಂಗಿ ಒಳಗೆ ಮಲಗಿದ್ದಳು, ಎಬ್ಬಿಸಿ ಹೇಳಬಹುದಿತ್ತು. ದಾರಿಯಲ್ಲಿ ಹೈವೇ ಪಕ್ಕದ ಟೀ ಅಂಗಡಿಯಲ್ಲಿ ನಿಲ್ಲಿಸಿ ಫೋನ್ ತೆಗೆದೆ. ಅವಳ ಹೆಸರು ಬಂತು. ಒತ್ತುವುದೊಂದೇ ಬಾಕಿ. ಎಲ್ಲವನ್ನೂ ಹೇಳುವ ಆ್ಯಪು ಇದನ್ನೂ ಹೇಳಲಿ ಅಂದುಕೊಂಡೆ. ಫೋನ್ ಜೇಬಿಗೆ ಹಾಕಿ ಟೀ ಕುಡಿದೆ. ಮರೆತಿರಬೇಕು ಎಂಬ ಮಾತಿಗೆ ಮುಂದೆ ಹೂಂ ಎಂದದ್ದು ಸುಳ್ಳು. ಮರೆತಿರಲಿಲ್ಲ.

ಬೇರೆ ಬೀದಿಗಳನ್ನು ಮುಗಿಸಿ ಹತ್ತು ಗಂಟೆಯ ಹೊತ್ತಿಗೆ ಮುಳಬಾಗಿಲಿನ ಪೇಟೆಯಲ್ಲಿದ್ದೆ. ಅಂಗಡಿಯ ಹೆಸರು ಹೇಳಿ ನಿಲ್ಲಿಸಿದೆ. ಜನ ಬಾಗಿಲಿಗೆ ಬಂದರು. ಆ ನಿಶ್ಶಬ್ದದಲ್ಲೇ ಪಕ್ಕದ ಬಳೆ ಅಂಗಡಿಯವನ ಫೋನಿನಿಂದ ಯಜಮಾನರ ದನಿ ಬಂತು: “ನಾನು ಇಲ್ಲೇ ಗಾದಿ ಮೇಲೆ ಕೂತಿರ್ತೀನಿ. ಎಲ್ಲಾರೂ ಬನ್ರಮ್ಮಾ!” ನಾನು ಮೈಕಿನಲ್ಲಿ ದೈವಾಧೀನರಾದರು ಎನ್ನಬೇಕಿತ್ತು. ಮೈಕ್ ಕೆಳಗಿಳಿಸಿದೆ. ಬಳೆ ಅಂಗಡಿಯವನು ಒಮ್ಮೆ ಫೋನ್ ನೋಡಿದ, ಒಮ್ಮೆ ನನ್ನ ಮುಖ ನೋಡಿದ.

ಸಾವಿನ ಮನೆಯಲ್ಲೂ ಯಾರದೋ ಫೋನಿನಲ್ಲಿ ಅದು ಬಂದಿತ್ತಂತೆ. ಕೋಣೆಯಲ್ಲಿ ಮಲಗಿಸಿದ್ದ ಅವರ ಹೆಂಡತಿ ಆ ದನಿ ಕೇಳಿ, “ಎದ್ದವ್ರಾ?” ಎಂದು ಹೊರಗೆ ಓಡಿಬಂದರಂತೆ.

ಮಗ ಫೋನಿನಲ್ಲಿ ಕೂಗಾಡಿದ ಮೇಲೆ ತಂಗಿ ಅದನ್ನು ತೆಗೆದುಹಾಕಿ, ಬಸ್ಸು ಹಿಡಿದು ಮುಳಬಾಗಿಲಿಗೆ ಬಂದಳು. ಬಾಗಿಲಲ್ಲಿ ನಿಂತು ಕೈ ಮುಗಿದಳು. ನಾನು ಆಟೋ ಹತ್ತಿರವೇ ಇದ್ದೆ.

“ಅಪ್ಪನ ಹೆಣ ಅಂಗಳದಲ್ಲಿ, ಅಪ್ಪನ ಮಾತು ಬೀದೀಲಿ. ಇದೇನಾಮ್ಮ ನೀನು ಕಲ್ತಿದ್ದು?” ಎಂದ ಮಗ. “ಇನ್ನು ನಮ್ ಅಂಗಡಿ ಕಡೆ ಬರ್ಬೇಡ.”

ಮಾವಿನ ಮಂಡಿಯವರೂ ಕೆಲಸ ಬಿಡಿಸಿದರು. ಸತ್ತವರ ಕೈಲಿ ವ್ಯಾಪಾರ ಮಾಡಿಸಿದ ಹುಡುಗಿ ಎಂಬ ಮಾತು ಅವಳಿಗಿಂತ ಮುಂದೆ ಓಡುತ್ತಿತ್ತು. ಅಣ್ಣನಿಗೆ ಗೊತ್ತಿರಲಿಲ್ಲವಾ ಎಂದು ಅವ್ವ ಕೇಳಿದಾಗ ತಂಗಿಯೇ ನನ್ನ ಪರ ನಿಂತಳು. “ಆ ಗಾಬ್ರೀಲಿ ಮರೆತೋಗಿರುತ್ತೆ ಬಿಡವ್ವ. ಪಾಪ, ಅವನಿಗೂ ಬೇಕಾದೋರು ಅವ್ರು.” ನಾನು ಹೂಂ ಎಂದೆ.

ಇನ್ನೂ ಕೆಟ್ಟದ್ದನ್ನು ಹೇಳಬೇಕು. ಮೊದಲ ಕೆಲವು ದಿನ ನನಗೆ ಹಗುರವಾಗಿತ್ತು. ಅವಳ ಫೋನ್ ಸುಮ್ಮನಿತ್ತು, ನಾನು ಹೊಟ್ಟೆ ತುಂಬಾ ಉಣ್ಣುತ್ತಿದ್ದೆ.

ಒಂದು ಮಧ್ಯಾಹ್ನ ಅವಳು ಟ್ರೈಪಾಡನ್ನು ಮಡಿಸಿ ಹಳೇ ಸೀರೆಯಲ್ಲಿ ಸುತ್ತುತ್ತಿದ್ದಳು. “ಮಾಲೂರು ಕಡೆ ಫ್ಯಾಕ್ಟರೀಲಿ ತಗೊಂತವ್ರಂತೆ, ಹೋಗ್ತೀನಿ. ಈ ಕೆಲಸಕ್ಕೆ ಬುದ್ಧಿ ಬೇಕು ಅಣ್ಣಾ. ನಂಗಿಲ್ಲ” ಎಂದಳು. ಅಳಲಿಲ್ಲ. ಅತ್ತಿದ್ದರೆ ನಾನು ಸುಮ್ಮನಿದ್ದುಬಿಡುತ್ತಿದ್ದೆನೇನೋ.

“ಮರೀಲಿಲ್ಲ ನಾನು” ಎಂದೆ. “ಬೇಕೂಂತ್ಲೇ ಹೇಳಲಿಲ್ಲ.”

ಸುತ್ತುತ್ತಿದ್ದ ಕೈ ನಿಂತಿತು. “ಫೋನ್ ಮಾಡ್ಬೇಕು ಅಂತ ಮನಸ್ಸಿಗೆ ಬಂದಿತ್ತಾ?”

“ಬಂದಿತ್ತು. ನಿನ್ ಹೆಸರು ತೆಗ್ದೂ ಇದ್ದೆ.”

“ಆಮೇಲೆ?”

“ಟೀ ಕುಡ್ದೆ.”

ಬೈಯಲಿ ಎಂದು ಕಾದೆ. “ಹಂಗಾದ್ರೆ ನಂಗೆ ಬುದ್ಧಿ ಇಲ್ಲ ಅನ್ನೋದಲ್ಲ” ಎಂದಳು ತನಗೆ ತಾನೇ ಹೇಳಿಕೊಳ್ಳುವಂತೆ. ಸೀರೆಯಿಂದ ಟ್ರೈಪಾಡು ಬಿಚ್ಚಿದಳು.

ಮರುದಿನ ಮುಳಬಾಗಿಲಿಗೆ ಹೋಗಿ ಯಜಮಾನರ ಮಗನಿಗೂ ಹೇಳಿದೆ. ಅವನು ಸೀರೆ ಮಡಿಸುತ್ತಲೇ, “ಅಣ್ಣ ತಂಗಿ ಹೊಟ್ಟೆಕಿಚ್ಚಿಗೆ ನಮ್ಮಪ್ಪನ ಸಾವೇ ಬೇಕಿತ್ತೇನ್ಲಾ?” ಎಂದ. ಕೆಲಸ ಅವಳಿಗೂ ಕೊಡಲಿಲ್ಲ, ನನಗೂ ಕೊಡಲಿಲ್ಲ.

ಟೈಲ್ಸ್ ಅಂಗಡಿಯವರು, ಬೇಕರಿಯವರು ಅವಳನ್ನು ಬಿಡಲಿಲ್ಲ. ಮಾಲೂರಿನಲ್ಲೇ ಇನ್ನೊಂದು ನರ್ಸರಿಯವರು ಸೇರಿಕೊಂಡರು. ಈಗ ದಿನಾ ಬೆಳಿಗ್ಗೆ ಎದ್ದ ತಕ್ಷಣ ಪ್ರತಿಯೊಬ್ಬರಿಗೂ, “ಮನೇಲಿ ಎಲ್ಲಾ ಚೆನ್ನಾಗಿದ್ದೀರಾ?” ಎಂದು ಮೆಸೇಜ್ ಹಾಕಿ, ಉತ್ತರ ಬಂದ ಮೇಲೆಯೇ ಆ್ಯಪನ್ನು ನಡೆಯಲು ಬಿಡುತ್ತಾಳೆ. ನನ್ನ ಜೊತೆ ಮಾತು ಬಿಟ್ಟಿಲ್ಲ. ಊಟಕ್ಕೆ ಕರೆಯುತ್ತಾಳೆ, ಆಟೋ ಹತ್ತುತ್ತಾಳೆ. ಕೆಲಸದ ವಿಷಯ ಮಾತ್ರ ನನ್ನ ಮುಂದೆ ಎತ್ತುವುದಿಲ್ಲ.

ಹೋದ ತಿಂಗಳು ಬೇಕರಿಯವರ ಮನೆಯಲ್ಲಿ ಅಜ್ಜಿ ತೀರಿಕೊಂಡರು. ನನ್ನನ್ನು ಕರೆದರು. ಆಟೋ ಸ್ಟಾರ್ಟ್ ಮಾಡುವ ಮೊದಲೇ ತಂಗಿಗೆ ಫೋನ್ ಮಾಡಿದೆ.

“ಗೊತ್ತಾಯ್ತು ಅಣ್ಣಾ, ಆಗ್ಲೇ ನಿಲ್ಸಿದ್ದೀನಿ” ಎಂದು ಇಟ್ಟಳು.

ಸಮಾಧಾನವಾಗಬೇಕಿತ್ತು. ಆದರೆ ನನಗಿಂತ ಮೊದಲು ಅವಳಿಗೆ ಹೇಳಿದವರು ಯಾರೋ, ಅವರ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಮೈಕ್ ತೆಗೆದುಕೊಂಡು ಬೇಕರಿಯ ಹೆಸರು ಹೇಳಿ, ಜನ ಬಾಗಿಲಿಗೆ ಬರುವವರೆಗೆ ಸುಮ್ಮನೆ ನಿಂತೆ.