ಕಾಫಿ ಮನೆಗೆ ನೂರು ಗ್ರಾಂ ಚಹಾ

ಅವ್ವನ ಒಂದು ಕಣ್ಣಿನ ಪೊರೆ ತೆಗೆಸಿ ವಾರ ಕಳೆದಿರಲಿಲ್ಲ, "ನಾ ಊರಿಗೆ ಹೋಗ್ತೀನವಾ" ಎಂದು ಶುರು ಮಾಡಿದಳು. ಇನ್ನೊಂದು ಕಣ್ಣಿನ ಆಪರೇಷನ್ನಿಗೆ ಮುಂದಿನ ತಿಂಗಳು ದಿನ ಗೊತ್ತಾಗಿತ್ತು. ಗದಗಿನ ಹೆಂಗಸು, ಒಮ್ಮೆ ಬಸ್ಸು ಹತ್ತಿದಳೆಂದರೆ ಮತ್ತೆ ಬೆಂಗಳೂರಿನ ಕಡೆ ತಲೆ ಹಾಕುವವಳಲ್ಲ. ಆ ಕಣ್ಣು ಹಾಗೇ ಮಂಜಾಗಿ ಉಳಿದುಹೋಗುತ್ತಿತ್ತು.

"ಒಂದ ಕಣ್ಣ ಸಾಕ ನನಗ. ನೀ ಆಫೀಸಿಗೆ ಹೋದ ಮ್ಯಾಲ ಒಬ್ಬಾಕೀನ ಕುಂತು ಚಾ ಕುಡದ್ರ ಗಂಟಲಾಗ ಇಳಿಯಂಗಿಲ್ಲ."

ನಗಬೇಕಾದ ಕಾರಣವೇ, ಆದರೆ ಅವ್ವನಿಗೆ ಅದು ನಿಜ. ಹೊರಮಾವಿನ ನನ್ನ ಗಂಡನ ಮನೆ ಅಪ್ಪಟ ಕಾಫಿ ಮನೆ. ಹಲಸೂರಿನಲ್ಲಿ ಹುಟ್ಟಿ ಬೆಳೆದ ನನ್ನ ಅತ್ತೆಗೆ ಚಹಾ ಎಂದರೆ ಜ್ವರ ಬಂದವರು ಕುಡಿಯುವ ಕಷಾಯ. "ಅದರಲ್ಲೇನ್ ರುಚಿ ಕಂಡ್ಯೇ" ಎಂದು ನನ್ನ ಲೋಟ ನೋಡಿ ಮೂಗು ಮುರಿಯುತ್ತಿದ್ದರು. ಅವ್ವನಿಗೆ ನಾಟಲಿ ಎಂದು ಆಡಿದ ಮಾತಲ್ಲ, ನಿಜ. ಆದರೆ ಅವ್ವನಿಗೆ ತೊಂದರೆ ಇದ್ದದ್ದು ಕಣ್ಣಿಗೆ, ಕಿವಿಗಲ್ಲವಲ್ಲ!

ಅತ್ತೆಗೆ ಚಹಾದ ರುಚಿ ಹತ್ತಿಸಬೇಕು, ಇಬ್ಬರೂ ಒಟ್ಟಿಗೆ ಕೂರಬೇಕು, ಅವ್ವ ಉಳಿಯಬೇಕು. ಇಂದಿರಾನಗರದ ದೊಡ್ಡ ಅಂಗಡಿಯಿಂದ ಗುಲಾಬಿ ಎಸಳು ಬೆರೆಸಿದ ಚಹಾದ ಡಬ್ಬಿಯೊಂದನ್ನು ತಂದು ಅತ್ತೆಯ ಕೈಗಿಟ್ಟೆ. "ಎಷ್ಟು ಚೆನ್ನಾಗಿದೆ ನೋಡು! ಯಾರಾದ್ರೂ ಬಂದಾಗ ಒಡೆಯೋಣ" ಎಂದು ಅದನ್ನು ಷೋಕೇಸಿನಲ್ಲಿ ಇಟ್ಟುಬಿಟ್ಟರು. ನನ್ನ ಮೈಯೆಲ್ಲ ಉರಿದುಹೋಯಿತು. ಅಷ್ಟು ದುಡ್ಡು ಸುರಿದದ್ದು ಗಾಜಿನ ಹಿಂದೆ ಕೂರಿಸುವುದಕ್ಕೆ.

ಆ ಶನಿವಾರ ಅವ್ವನಿಗೆ ಕಪ್ಪು ಕನ್ನಡಕ ತರಲು ಶಿವಾಜಿನಗರಕ್ಕೆ ಹೋದೆ. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಬಿಡಿ ಚಹಾಪುಡಿ ತೂಗಿ ಮಾರುವ ಸಣ್ಣ ಅಂಗಡಿ, ಒಳಗೆ ಬಿಳಿ ಗಡ್ಡದ ಮುದುಕರು. ಕಾಫಿ ಕುಡಿಯುವ ಅತ್ತೆಗೆ ಉಡುಗೊರೆ, ಚಹಾ ಅವರಿಗೆ ಹೊಸದು, ದುಡ್ಡು ಎಷ್ಟಾದರೂ ಪರವಾಗಿಲ್ಲ ಎಂದೆ.

ಅವರು ತಕ್ಕಡಿಯಿಂದ ಕೈ ತೆಗೆದರು. "ಎಷ್ಟಾದ್ರೂ ಪರವಾಗಿಲ್ಲ ಅಂದ್ರೆ ನಾನು ಕೊಡಲ್ಲಮ್ಮ. ಹೊಸಬರಿಗೆ ಕಾಸ್ಟ್ಲಿ ಕೊಟ್ರೆ ಭಯ ಬೀಳ್ತಾರೆ. ಎತ್ತಿಡ್ತಾರೆ, ಕುಡಿಯಲ್ಲ."

ನನ್ನ ಷೋಕೇಸನ್ನು ಈ ಮನುಷ್ಯ ನೋಡಿದ್ದು ಯಾವಾಗ?

ಆಮೇಲೆ ಪ್ರಶ್ನೆ ಶುರು. ಹಾಲು ಗಟ್ಟಿಯೋ ತೆಳುವೋ? ಸಕ್ಕರೆ ಎಷ್ಟು? ಒಲೆ ಮೇಲಿಟ್ಟು ಮರೆಯುವವರಾ? ಮರೆಯುತ್ತಾರೆ ಎಂದದ್ದಕ್ಕೆ, "ಹಾಗಾದ್ರೆ ಜಾಸ್ತಿ ಕುದ್ರೂ ಕಹಿಯಾಗದೇ ಇರೋ ಪುಡಿ ಬೇಕು. ಕಲಿಯೋರು ತಪ್ಪು ಮಾಡ್ತಾರಲ್ಲ, ಪುಡಿ ತಡ್ಕೋಬೇಕು" ಎಂದರು. ಮಹದೇವಪುರದ ನನ್ನ ಆಫೀಸಿನಲ್ಲಿ ಗಿರಾಕಿಯ ಮನಸ್ಸು ಅರಿಯುವುದು ಹೇಗೆಂದು ಮೀಟಿಂಗ್ ಮೇಲೆ ಮೀಟಿಂಗ್ ನಡೆಯುತ್ತದೆ. ಒಬ್ಬರಾದರೂ ಹೀಗೆ ಕೇಳಿದ್ದನ್ನು ನಾನು ಕಂಡಿಲ್ಲ.

"ಈಗ ಚಹಾ ಯಾವ ನೀರಲ್ಲಿ ಮಾಡ್ತೀರಿ?"

"ನಲ್ಲೀದು. ಬೋರ್ ನೀರು."

"ಒಂದು ಬಾಟ್ಲಿ ತಗೊಂಡ್ ಬನ್ನಿ. ನೀರು ನೋಡ್ದೆ ಹೊಸಬರಿಗೆ ನಾನು ಪುಡಿ ಕಟ್ಟಲ್ಲ."

ಎಲಾ ಇವರ! ಆ ಟ್ರಾಫಿಕ್ಕಿನಲ್ಲಿ ನೀರು ಹೊತ್ತು ಇನ್ನೊಮ್ಮೆ ಬರಬೇಕಂತೆ. ಬೈದುಕೊಂಡೇ ಮರುದಿನ ಹೋದೆ. ಸಣ್ಣ ಸ್ಟೋವಿನ ಮೇಲೆ ಒಂದೇ ಪುಡಿಯನ್ನು ನನ್ನ ನೀರಿನಲ್ಲೊಮ್ಮೆ, ಅವರ ನೀರಿನಲ್ಲೊಮ್ಮೆ ಕುದಿಸಿ ಎರಡು ಪುಟ್ಟ ಗ್ಲಾಸಿಗೆ ಸೋಸಿದರು. ಅವರದು ಕೆಂಪಗೆ ಘಮ್ಮೆನ್ನುತ್ತಿತ್ತು. ನನ್ನದು ರಾಡಿ, ಕುಡಿದರೆ ಸಪ್ಪೆ.

"ಅತ್ತೆ ಕಾಫೀನೂ ಇದೇ ನೀರಲ್ಲೇ ಮಾಡ್ತಾರಾ?"

"ಇಲ್ಲ, ಡಿಕಾಕ್ಷನ್ನಿಗೆ ಕ್ಯಾನ್ ನೀರು..." ಅನ್ನುತ್ತಲೇ ನನಗೆ ಹೊಳೆಯಿತು. ದುಡ್ಡು ಕೊಟ್ಟು ತರಿಸುವ ಕ್ಯಾನ್ ನೀರು ಕುಡಿಯಲು ಮತ್ತು ಕಾಫಿಗೆ, ಉಳಿದದ್ದಕ್ಕೆಲ್ಲ ನಲ್ಲಿ ನೀರು. ಚಹಾವನ್ನು ಉಳಿದದ್ದರ ಜೊತೆ ಸೇರಿಸಿದವರು ಅತ್ತೆಯಲ್ಲ, ಸೊಸೆಯಾಗಿ ಬಂದ ದಿನದಿಂದ ನಾನೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಸಪ್ಪೆ ಚಹಾವನ್ನು ಒಮ್ಮೆ ರುಚಿ ನೋಡಿ ಬಿಟ್ಟ ಅತ್ತೆಯ ನಾಲಿಗೆಯನ್ನು ಹನ್ನೊಂದು ವರ್ಷ ದೂರಿದ್ದೆ.

ಮುದುಕರು ಎರಡು ಡಬ್ಬಿಯಿಂದ ಬೆರೆಸಿ ನೂರು ಗ್ರಾಂ ತೂಗಿ, ಕಂದು ಕಾಗದದಲ್ಲಿ ಕಟ್ಟಿ ದಾರ ಸುತ್ತಿದರು. ಬೆಲೆ ನನ್ನ ಆಟೋ ಚಾರ್ಜಿಗಿಂತ ಕಡಿಮೆ. "ಕ್ಯಾನ್ ನೀರಲ್ಲೇ ಮಾಡಿ. ಆಮೇಲೂ ಇಷ್ಟ ಆಗಲಿಲ್ಲ ಅಂದ್ರೆ ತಪ್ಪು ನಂದು" ಎಂದರು. ಅವರ ಕಾಲಿಗೆ ಬೀಳಬೇಕು ಅನ್ನಿಸಿತು.

ಮನೆಗೆ ತಂದು ಕೊಟ್ಟಾಗ, "ಇಷ್ಟೇನಾ?" ಎಂದು ಅತ್ತೆ ಅಲ್ಲೇ ನಿಂತು ದಾರ ಕಿತ್ತು ಪೊಟ್ಟಣ ಒಡೆದು, ಪುಡಿಯನ್ನು ಒಂದು ಡಬ್ಬಿಗೆ ಸುರಿದರು. ಎತ್ತಿಡುವಂಥದ್ದು ಅದರಲ್ಲೇನೂ ಇರಲಿಲ್ಲ. ನಾನು ಹೆದರುತ್ತಲೇ ನೀರಿನ ಕತೆ ಹೇಳಿದೆ.

"ಹನ್ನೊಂದು ವರ್ಷದಿಂದ ನಲ್ಲಿ ನೀರಲ್ಲಿ ಮಾಡ್ಕೊಂಡ್ ಕುಡೀತಿದ್ಯಾ? ಹೇಳೋಕೆ ಬಾಯಿರ್ಲಿಲ್ವಾ ನಿಂಗೆ?" ಎಂದು ಗದರಿ, ತಾವೇ ಕ್ಯಾನ್ ಬಗ್ಗಿಸಿ ಪಾತ್ರೆ ತುಂಬಿಸಿದರು. ನಿರೀಕ್ಷೆಯಂತೆ ಒಲೆ ಮೇಲಿಟ್ಟು ಮರೆತರು. ಪುಡಿ ತಡೆದುಕೊಂಡಿತು.

ಬಾಲ್ಕನಿಯಲ್ಲಿ ಅವ್ವನ ಪಕ್ಕ ಕೂತು ಅತ್ತೆ ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು. "ಕಾಫಿ ಅಂತೂ ಅಲ್ಲ ಬಿಡಿ" ಎಂದವರು ಲೋಟ ಖಾಲಿ ಮಾಡಿ, "ಬೀಗರೇ, ಈ ಪುಡಿ ಮುಗಿಯೋವರ್ಗೂ ನೀವು ಊರಿಗೆ ಹೋಗೋ ಹಾಗಿಲ್ಲ" ಎಂದರು.

ಅವ್ವ ನಕ್ಕಳು. "ಆತು ಬಿಡ್ರಿ. ಮುಗಿಯೋತನಕ ಇರ್ತೀನಿ."

ನಾನು ಮಾತ್ರ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನೂರು ಗ್ರಾಂ ಹೆಚ್ಚೆಂದರೆ ಹತ್ತು ದಿನ. ಆಪರೇಷನ್ನಿಗೆ ಇನ್ನೂ ಮೂರು ವಾರವಿತ್ತು. ಅವ್ವ ಮಾತಿಗೆ ತಪ್ಪುವವಳಲ್ಲ, ಪುಡಿ ಮುಗಿದ ದಿನವೇ ಹೊರಡುವವಳು.

ಐದನೆಯ ದಿನ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು: "ಆ ಅಂಗಡಿಯಿಂದ ಕಾಲು ಕೆಜಿ ತಂದು ಅದೇ ಡಬ್ಬೀಲಿ ಸುರಿದ್ಬಿಡು. ನಿಮ್ಮಮ್ಮನಿಗೆ ಗೊತ್ತಾಗ್ಬಾರ್ದು."

ಅವ್ವನ ಎರಡನೇ ಕಣ್ಣಿನ ಕಟ್ಟು ಬಿಚ್ಚಿದ ದಿನವೂ ಡಬ್ಬಿ ಅರ್ಧ ತುಂಬಿತ್ತು.