ವಾರ್ತೆ ಓದುವ ಹೆಣ್ಣುಮಗಳು

ಟಿವಿಯಲ್ಲಿ ಕನ್ನಡ ವಾರ್ತೆ ಓದುತ್ತಿದ್ದ ಆ ಹೆಣ್ಣುಮಗಳು ತೀರಿಕೊಂಡರೆಂದು ಗೋವಾದ ವಾಸ್ಕೋದಲ್ಲಿರುವ ನಮ್ಮ ಓಣಿಗೆಲ್ಲ ಸಾರಿದವನು ನಾನೇ. ಬಂದರಿನಲ್ಲಿ ಕ್ರೇನ್ ಓಡಿಸುವುದು ನನ್ನ ಕೆಲಸ. ಚಹಾದ ಬಿಡುವಿನಲ್ಲಿ ಮೊಬೈಲಿಗೆ ಅವರ ಫೋಟೊ ಬಂತು, ಸುತ್ತ ಹೂವಿನ ಹಾರ. ಹಿಂದೆಮುಂದೆ ನೋಡದೆ ಓಣಿಯವರ ಗುಂಪಿಗೆ ಕಳಿಸಿದೆ. ಸಾಲದ್ದಕ್ಕೆ ಕೆಳಗೆ 'ಖರೇ ಸುದ್ದಿ' ಎಂದು ನನ್ನದೊಂದು ಠಸ್ಸೆ ಬೇರೆ!

ಸಂಜೆ ಮನೆಗೆ ಬಂದರೆ ಅವ್ವ ಒದ್ದೆ ಕೂದಲು ಬಿಟ್ಟುಕೊಂಡು ಕೂತಿದ್ದಳು. ಹತ್ತಿರದವರು ಹೋದ ಸುದ್ದಿ ಕೇಳಿದರೆ ನಮ್ಮಲ್ಲಿ ತಲೆಯ ಮೇಲೆ ನೀರು ಹಾಕಿಕೊಳ್ಳುತ್ತಾರೆ. ಟಿವಿಯಲ್ಲಿ ಕಂಡವರಿಗೂ ಸೂತಕವೇ ಎಂದು ನಗು ಬಂತು. ಅವ್ವನ ಮುಖ ನೋಡಿ ನುಂಗಿಕೊಂಡೆ. ಪಕ್ಕದ ಮನೆಯ ಹೆಂಗಸೂ ಮಿಂದು ಬಂದು ಜೊತೆಗೆ ಕೂತಿದ್ದರು.

"ನಮ್ಮ ಮನಿ ಹೆಣ್ಮಗಳ ಹ್ವಾದಂಗಾತು" ಎಂದಳು ಅವ್ವ.

ವಿಜಯಪುರದ ಕಡೆಯಿಂದ ಬಂದ ಅವ್ವನಿಗೆ ಓದು ಬಾರದು. ಊರ ಕಡೆ ಮಳೆಯಾಯಿತೇ, ಹೊಳೆ ಬಂತೇ, ಎಲ್ಲವನ್ನೂ ವಾರ್ತೆಯ ಆ ಹೆಣ್ಣುಮಗಳೇ ಹೇಳಬೇಕಿತ್ತು. ಅಪ್ಪ ಪೇಟೆಯಿಂದ ಏನಾದರೂ ಸುದ್ದಿ ಹೊತ್ತು ತಂದರೆ, "ತಡೀರಿ, ಆಕಿ ಹೇಳ್ಲಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಆ ಹೆಣ್ಣುಮಗಳು ನಿವೃತ್ತರಾದ ಮೇಲೆ ಅವ್ವನಿಗೆ ವಾರ್ತೆಯೇ ಬೇಡವಾಯಿತು. "ಈಗಿನವ್ರು ಜಗಳಾ ಮಾಡಿದಂಗ ಒದರ್ತಾರ" ಎನ್ನುವಳು.

ಆ ಸಂಜೆ ಟಿವಿ ಹಚ್ಚಿದರೆ ಅವರೇ ಕಾಣಬೇಕೆ! ಕೂದಲು ನರೆತಿತ್ತು, ದನಿ ಮಾತ್ರ ಅದೇ. ತಾನು ಆರಾಮಾಗಿದ್ದೇನೆ, ಯಾರೂ ಗಾಬರಿಯಾಗಬೇಡಿ ಎಂದರು. ಅವ್ವ, ಪಕ್ಕದ ಮನೆಯವರು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಯಾರು ಸತ್ತರೆಂದು ಸುಳ್ಳು ಸುದ್ದಿ ಹಬ್ಬುತ್ತದೋ ಅವರಿಗೆ ಆಯುಷ್ಯ ಹೆಚ್ಚುತ್ತದಂತೆ. ಆ ಖುಷಿಗೆ ಒಬ್ಬರಿಗೊಬ್ಬರು ಸಕ್ಕರೆ ತಿನ್ನಿಸಿದರು. ನಾನು ಮೂಲೆಗೆ ಸರಿದು ಮೊಬೈಲಿನಲ್ಲಿದ್ದ ನನ್ನ ಸಂದೇಶ ಅಳಿಸತೊಡಗಿದೆ.

"ಅಳಿಸಿದ್ರ, ಅತ್ತವ್ರಿಗೆ ಹೆಂಗ ಗೊತ್ತಾಗ್ಬೇಕೋ?" ಅವ್ವ ಗದರಿದಳು. "ಒಮ್ಮೆ ಆಕಿ ಯಾವುದೋ ಊರಿನ ಹೆಸರು ತಪ್ಪು ಹೇಳಿದ್ಲು. ಮರುದಿನಾ ಎಲ್ಲಾರ ಮುಂದ, ನಿನ್ನೆ ನಂದು ತಪ್ಪಾತು ಅಂದ್ಲು. ಅವತ್ತಿಂದನ ನಾ ಆಕೀನ್ನ ನಂಬಿದ್ದು. ಹೋಗು, ಮನಿಮನಿಗೆ ಹೇಳಿ ಬಾ."

ಹೋದೆ. ಪ್ರತಿ ಬಾಗಿಲಲ್ಲೂ ನಾಚಿಕೆಯಿಂದ ಸಾಯುವಂತಾಯಿತು. ಕೆಲವರು ಬೈದರು, ಹಲವರು ನಕ್ಕರು. ಓಣಿಯ ಕೊನೆಯ ಮನೆಯಾಕೆ ಖಾಲಿ ಕೊಡ ತಂದು ಮುಂದಿಟ್ಟರು. "ನಿಮ್ಮ ಮಾತು ಕೇಳಿ ಎರಡು ಕೊಡ ನೀರು ಸುರಕೊಂಡೇನ್ರಿ. ತುಂಬಿ ಕೊಡ್ರಿ." ನಳಕ್ಕೆ ಹೋಗಿ ತುಂಬಿಕೊಟ್ಟೆ.

ಇನ್ನು ವರ್ಷಗಟ್ಟಲೆ ನನ್ನನ್ನು ಗೋಳು ಹೊಯ್ದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಮುಂದಿನ ವಾರ ಅದೇ ಕೊನೆಯ ಮನೆಯಾಕೆ ಮೊಬೈಲ್ ಹಿಡಿದು ನಮ್ಮ ಬಾಗಿಲಿಗೆ ಬಂದರು. ಊರಿಗೆ ಹೋಗುವ ರೈಲು ನಿಲ್ಲಿಸುತ್ತಾರಂತೆ ಎಂದು ಯಾರೋ ಕಳಿಸಿದ್ದರು.

"ಇದು ಖರೇ ಏನ್ರಿ ಅಣ್ಣಾರ?"

"ನನ್ನ ಕೇಳ್ತೀರೇನ್ರಿ?"

"ಮತ್ಯಾರನ್ನ ಕೇಳೂನ್ರಿ? ತಪ್ಪಾತು ಅಂತ ಬಾಗಲಕ್ಕ ಬಂದವ್ರು ನೀವೊಬ್ಬರ."

ಒಳಗಿದ್ದ ಅವ್ವ ಕಿವಿಗೊಟ್ಟಿದ್ದಳೆಂದು ನನಗೆ ಗೊತ್ತಿತ್ತು. ನನಗೋ ಹಿಗ್ಗು, ಹಿಂದೆಯೇ ಹೆದರಿಕೆ.

"ಇನ್ನೂ ಗೊತ್ತಿಲ್ರಿ" ಎಂದೆ. "ಸ್ಟೇಶನ್ನಿಗೆ ಹೋಗಿ ಕೇಳ್ಕೊಂಡು ಬಂದು ಹೇಳ್ತೀನಿ."